ಬೆಳೆಯುತ್ತಿದ್ದ ಮನೆ

ಇವತ್ತು ಬೆಳಗ್ಗೆ ಬಡಗಿ ಬಂದಿದ್ದ. ಅಡುಗೆಮನೆಯಲ್ಲಿ ಹೊಸ ಶೆಲ್ಫ್ ಹೊಡೆಯಬೇಕಿತ್ತು. ಗೋಡೆಗೆ ಟೇಪು ಹಿಡಿದು, "ಮೇಡಂಜೀ, ಕಿತನಾ ಊಂಚಾ?" ಎಂದ. ಎಷ್ಟು ಎತ್ತರ ಎಂಬ ಅಷ್ಟು ಸಣ್ಣ ಪ್ರಶ್ನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಕೈ ಬಿಟ್ಟೊಡನೆ ಟೇಪು ಸರ್ರೆಂದು ಡಬ್ಬಿಯೊಳಗೆ ಸೇರಿಕೊಂಡಿತು. ನಾಳೆ ಬಾ ಭಯ್ಯಾ ಎಂದು ಅವನನ್ನು ಸಾಗಹಾಕಿ ಇಲ್ಲಿ ಬಂದು ಬರೆಯಲು ಕೂತಿದ್ದೇನೆ. ಶೆಲ್ಫಿಗೆ ಹೆದರುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ, ಈಗ ನೋಡಿ.

ದಿಲ್ಲಿಯ ಪೀತಮ್‌ಪುರದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಆಗ ನಾವಿದ್ದೆವು. ನಮ್ಮ ಕಡೆಗೆ ಮೆಟ್ರೋ ಹೊಸದಾಗಿ ಓಡತೊಡಗಿದ್ದ ದಿನಗಳು. ನಮ್ಮ ಮನೆಯವರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಮಾವ ತೀರಿಕೊಂಡ ಮೇಲೆ ಅತ್ತೆ ತುಮಕೂರಿನಿಂದ ನಮ್ಮ ಜೊತೆಗಿರಲು ಬಂದರು. ಎತ್ತರದ ಆಳು. ನಾನು ಸ್ಟೂಲ್ ಹತ್ತಿ ಇಳಿಸುವ ಡಬ್ಬಿಯನ್ನು ನಿಂತಲ್ಲೇ ಕೈ ಚಾಚಿ ತೆಗೆದು, "ನಿಮ್ಮಮ್ಮ ನಿನಗೆ ಹಾಲು ಕುಡಿಸಲಿಲ್ವೇನೇ?" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೂ ಮೇಲಿನ ಡಬ್ಬಿ ಬೇಕಾದಾಗಲೆಲ್ಲ ಅವರನ್ನೇ ಕರೆಯುತ್ತಿದ್ದೆ.

ಮೊದಲ ಚಳಿಗಾಲಕ್ಕೇ ದಿಲ್ಲಿಯ ಹೊಗೆ ಅವರ ಎದೆಗಿಳಿದು ಉಬ್ಬಸ ಹಿಡಿಯಿತು. ಡಾಕ್ಟರು ಹತ್ತು ದಿನಕ್ಕೆಂದು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟರು. ಮೂರನೇ ದಿನ ಅತ್ತೆ ಎದ್ದು ಚಪಾತಿ ಲಟ್ಟಿಸುತ್ತಿದ್ದರು. ಮಾತ್ರೆ ಮುಗಿದ ವಾರಕ್ಕೆ ಮತ್ತೆ ಉಬ್ಬಸ. ಮತ್ತೆ ಆಸ್ಪತ್ರೆಯ ಆ ಉದ್ದದ ಸಾಲಿನಲ್ಲಿ ಯಾರು ನಿಲ್ಲುವುದು? ಮಾತ್ರೆಯ ಖಾಲಿ ಪಟ್ಟಿಯನ್ನು ಔಷಧಿ ಅಂಗಡಿಯವನಿಗೆ ತೋರಿಸಿ, "ಭಯ್ಯಾ, ಯಹೀ ವಾಲಾ" ಎಂದು ಅದನ್ನೇ ಕೇಳಿದೆ. ಕೊಟ್ಟ. ಡಾಕ್ಟರೇ ಮುಂದುವರಿಸಲು ಹೇಳಿದ್ದಾರೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಹೀಗೆ ಎರಡು ವರ್ಷ ನಡೆಯಿತು.

ಅತ್ತೆಯ ಮುಖ ದುಂಡಗಾಯಿತು, ಕೆನ್ನೆ ತುಂಬಿತು. ಅದೂ ಆ ಮಾತ್ರೆಯದೇ ಕೆಲಸ ಎಂದು ಯಾರಿಗೆ ಗೊತ್ತಿತ್ತು? ನನ್ನ ಆರೈಕೆಯ ಫಲವೆಂದು ನಾನು ಬೀಗಿದೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಅವರು, "ಡಾಕ್ಟರೆಲ್ಲ ದಂಡ. ನನ್ನ ಸೊಸೆ ಕೈಗುಣಾನೇ ಬೇರೆ" ಎನ್ನುತ್ತಿದ್ದರು. ನಾನು ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಮನೆ ಬೆಳೆಯತೊಡಗಿತು.

"ಈ ಶೆಲ್ಫನ್ನ ಯಾರೇ ಮೇಲಕ್ಕೆ ಹೊಡೆದಿದ್ದು?" ಎಂದು ಅತ್ತೆ ಒಂದು ದಿನ ಕೇಳಿದರು. ಬೆರಳ ತುದಿ ಡಬ್ಬಿಯ ತಳಕ್ಕಷ್ಟೇ ತಾಗುತ್ತಿತ್ತು. ಕೆಲವು ತಿಂಗಳಿಗೆ ಬಾಗಿಲ ಮೇಲಿನ ಚಿಲಕ ಎಟುಕಲಿಲ್ಲ. ಕನ್ನಡಿಯಲ್ಲಿ ಕುಂಕುಮದಿಂದ ಮೇಲಿನ ಹಣೆಯಷ್ಟೇ ಕಾಣತೊಡಗಿತು. ಹಳೆಯ ಸೀರೆಗಳ ಅಂಚು ನೆಲಕ್ಕೆ ಎಳೆದಾಡುತ್ತಿತ್ತು. ಕೊನೆಗೊಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು: "ಈ ಮನೆ ಬೆಳೀತಿದೆ ಕಣೇ. ನೀವ್ಯಾರೂ ಇಲ್ಲದಾಗ ಬೆಳೆಯುತ್ತೆ. ನನಗೆ ಗೊತ್ತಾಗುತ್ತೆ."

ನಗು ಬಂತು. ಅರಳುಮರಳು ಎಂದುಕೊಂಡೆ. ಆದರೆ ಒಬ್ಬಳೇ ಇದ್ದಾಗ ನಾನೂ ಚಾವಣಿಯ ಕಡೆ ನೋಡತೊಡಗಿದ್ದೆ ಎಂಬುದನ್ನು ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ಒಂದು ಭಾನುವಾರ ಟೇಪು ತಂದು ಶೆಲ್ಫಿನ ಎತ್ತರ ಅಳೆದು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಬೇಸಿಗೆ ಕಳೆದ ಮೇಲೆ ಎಲ್ಲರೆದುರು ಮತ್ತೆ ಅಳೆದೆ. ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. "ನೋಡಿದಿರಾ ಅತ್ತೆ?" ಎಂದೆ ಗೆದ್ದವಳಂತೆ. ಎಂಟು ವರ್ಷದ ಮಗಳು ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿ, "ಶೆಲ್ಫ್ ತೋ ವಹೀಂ ಹೈ ಅಮ್ಮಾ, ಅಲ್ಲೇ ಇದೆ. ಅಜ್ಜೀನೇ ಛೋಟಿ ಆಗ್ತಿದ್ದಾರೆ" ಎಂದಳು.

ಅತ್ತೆ ಮೆಲ್ಲನೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ನನ್ನ ಭುಜಕ್ಕಿಂತ ಮೇಲಿದ್ದ ಅವರ ಭುಜ ಈಗ ಕೆಳಗಿತ್ತು. ಟೇಪು ನನ್ನ ಕೈಯಿಂದ ಜಾರಿ ಸರ್ರೆಂದು ಸುತ್ತಿಕೊಂಡಿತು.

ಆ ವಾರವೇ ಅರ್ಧ ಬಕೆಟ್ ನೀರು ಎತ್ತಲು ಹೋಗಿ ಅವರು ಕುಸಿದು ಕೂತರು. ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರು ದಾವಣಗೆರೆಯ ಹುಡುಗ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬೆನ್ನುಮೂಳೆಯ ಮೂರು ಮಣಿಗಳು ಚಪ್ಪಟೆಯಾಗಿರುವುದನ್ನು ತೋರಿಸಿದರು. ಎರಡು ಯಾವಾಗಲೋ ಸದ್ದಿಲ್ಲದೆ ಮುರಿದಿದ್ದವಂತೆ.

"ಮೂಳೆ ಅಂದ್ರೆ ಕಲ್ಲಲ್ಲಮ್ಮ," ಎಂದರು. "ಅದನ್ನ ತಿನ್ನೋ ಜೀವಕೋಶಗಳು ನಮ್ಮೊಳಗೇ ಇವೆ. ಮಜ್ಜೆಯಲ್ಲಿ, ರಕ್ತದ ಕಣಗಳ ಮನೆತನದಲ್ಲೇ ಹುಟ್ಟುತ್ತವೆ. ಹಲವಾರು ಸೇರಿ ಒಂದೇ ದೊಡ್ಡ ಕೋಶ ಆಗುತ್ತೆ. ಮೂಳೆಗೆ ಅಂಟಿ ಕೂತು, ಆಮ್ಲ ಬಿಟ್ಟು ಕರಗಿಸುತ್ತೆ."

"ಅಯ್ಯೋ! ಅವನ್ನ ಕೊಲ್ಲೋ ಔಷಧಿ ಕೊಡಿ" ಎಂದೆ.

"ಅವು ಬೇಕಮ್ಮ. ಹಳೇದನ್ನ ಅವು ತೆಗೆದರೇನೇ ಹೊಸದು ಕಟ್ಟೋಕೆ ಜಾಗ. ಕಟ್ಟೋ ಕೋಶಗಳ ಬಳಗಾನೇ ಅವನ್ನ ಕರೆಯುತ್ತೆ, ಸಾಕು ಅಂತ ತಡೆಯೋದೂ ಅದೇ. ಮುಟ್ಟು ನಿಂತ ಮೇಲೆ ತಡೆ ಸಡಿಲ ಆಗುತ್ತೆ. ಇನ್ನು ಈ ಬಿಳಿ ಮಾತ್ರೆ, ಸ್ಟಿರಾಯ್ಡು, ಎರಡು ವರ್ಷ ಬಿಡದೆ ತಗೊಂಡ್ರೆ, ಕರೆಯೋದು ಜಾಸ್ತಿ ಆಗಿ ತಡೆಯೋದು ಕಮ್ಮಿ ಆಗುತ್ತೆ. ಕಟ್ಟೋವು ಸಾಯುತ್ತವೆ." ಎಕ್ಸ್‌ರೇ ಕೆಳಗಿಟ್ಟು ಕೇಳಿದರು: "ಇಷ್ಟು ದಿನ ತಗೊಳ್ಳಿ ಅಂತ ಯಾರು ಬರೆದಿದ್ದು?"

ನಮ್ಮ ಮನೆಯವರು ಪಕ್ಕದಲ್ಲೇ ಇದ್ದರು. "ಹಳೇ ಡಾಕ್ಟರು" ಎಂದೆ.

ಬಿಳಿ ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು, ಉಬ್ಬಸಕ್ಕೆ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಬಂತು. ಮೂಳೆ ತಿನ್ನುವ ಕೋಶಗಳನ್ನು ಹದ್ದುಬಸ್ತಿನಲ್ಲಿಡಲು ವಾರಕ್ಕೊಂದು ಮಾತ್ರೆ. ಬರಿ ಹೊಟ್ಟೆಗೆ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಅತ್ತೆಗೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ನಾನು ಹಿಂದೆ ಕೂತು ನನ್ನ ಬೆನ್ನನ್ನು ಅವರ ಬೆನ್ನಿಗೆ ಆನಿಸಿಕೊಡುತ್ತಿದ್ದೆ. ಆ ಅರ್ಧ ಗಂಟೆಯಲ್ಲಿ ಒಳಗೆ ಏನೋ ಮೆಲ್ಲುತ್ತಿರುವುದು ಕೇಳಿಸುತ್ತದೆಯೋ ಎಂದು ಉಸಿರು ಬಿಗಿಹಿಡಿಯುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಹೆಚ್ಚು ಭಯವಾಗುತ್ತಿತ್ತು.

ಅತ್ತೆ ಇನ್ನೂ ಮೂರು ವರ್ಷ ಇದ್ದರು. ಒಂದು ಬೆಳಗ್ಗೆ ಹಾಗೆಯೇ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಾಗ, "ಆ ಬಿಳಿ ಮಾತ್ರೆ ನೀನು ತಂದುಕೊಡದೆ ಇದ್ದಿದ್ರೆ ನಾನು ಮೊದಲನೇ ಚಳಿಗೇ ಹೋಗಿರ್ತಿದ್ದೆ ಕಣೇ" ಎಂದರು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಹೇಳಲಿಲ್ಲ.

ನಮ್ಮ ಮನೆಯವರು ಇವತ್ತಿಗೂ ಆ ಹಳೇ ಡಾಕ್ಟರನ್ನು ಬೈಯುತ್ತಾರೆ. ಹತ್ತೇ ದಿನಕ್ಕೆ ಬರೆದುಕೊಟ್ಟ ಆ ಮನುಷ್ಯನನ್ನು ನೆಂಟರೆದುರು ಕೊಲೆಗಾರ ಎಂದಾಗ, ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ನಡೆಯುತ್ತೇನೆ.

ಇಷ್ಟು ಬರೆಯುವ ಹೊತ್ತಿಗೆ ಮಧ್ಯಾಹ್ನವಾಗಿದೆ. ಅವರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಈಗಷ್ಟೇ ಕೂಗಿ ಕರೆದೆ, ಬಂದು ಎದುರಿಗೆ ಕೂತರು. "ನಿಮ್ಮಮ್ಮನ ವಿಷಯ. ಬರೆದಿದ್ದನ್ನ ಓದ್ತೀನಿ, ಮುಗಿಯೋ ತನಕ ನಡುವೆ ಮಾತಾಡಬೇಡಿ" ಎಂದಿದ್ದೇನೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಓದು" ಎನ್ನುತ್ತಿದ್ದಾರೆ.