ದರದ ಮೊಳೆ

ಯಲವಿಗಿಯ ಚನ್ನವೀರಪ್ಪನವರ ಪಡಸಾಲೆಯ ಕಂಬದಲ್ಲಿ, ಕೈ ಎತ್ತಿದರೆ ಎಟುಕುವಷ್ಟು ಮೇಲೆ, ಒಂದು ಮೊಳೆ ಇತ್ತು. ಅದಕ್ಕೆ ಅಂಗಿ ಸಿಕ್ಕಿಸಲು ಹೋದವರಿಗೆ ಬೈಗುಳ ತಪ್ಪಿದ್ದಲ್ಲ. ಅದು ಮೆಣಸಿನಕಾಯಿ ದರದ ಮೊಳೆ.

ಐವತ್ತರ ದಶಕದ ಶುರುವಿನ ಒಂದು ಬೇಸಿಗೆಯಲ್ಲಿ ಒಣಮೆಣಸಿನಕಾಯಿ ದರ ಕಂಡು ಕೇಳರಿಯದಷ್ಟು ಏರಿತ್ತು. ಸವಣೂರ ಪೇಟೆಯಲ್ಲಿ ದಲಾಲಿ ಕುತುಬುದ್ದೀನ ಎಲ್ಲರೆದುರು ದರ ಹೇಳುವವನಲ್ಲ. ಪದ್ಧತಿಯಂತೆ ಟವೆಲ್ಲಿನ ಮರೆಯಲ್ಲಿ ಚನ್ನವೀರಪ್ಪನವರ ಕೈ ಹಿಡಿದು, ಬೆರಳೊತ್ತಿ ತಿಳಿಸಿದ. ಅಲ್ಲೇ ಹೂಂ ಅನ್ನಬೇಕಿತ್ತು. ಆಸೆ ಬಿಡಬೇಕಲ್ಲ!

"ಇನ್ನೊಂದು ಬೆರಳು ಕೂಡಸು" ಎಂದು ಕೈ ಎಳೆದುಕೊಂಡರು.

ಮುಂದಿನ ಸಂತೆಗೆ ದರ ಇಳಿಯಿತು. ಅವತ್ತೇ ಅವರು, ಕೈಬಿಟ್ಟುಹೋದ ದರದ ಗುರುತಿಗೆಂದು ಆ ಮೊಳೆ ಹೊಡೆದರು. ದರ ಒಂದು ರೂಪಾಯಿ ಇಳಿದರೆ ಎರಡು ಬೆರಳು ಕೆಳಗೆ ಸುಣ್ಣದ ಗೆರೆ. ಮಾಲು ಮಾತ್ರ ಒಳಕೋಣೆಯಲ್ಲೇ ಉಳಿಯಿತು. ದರ ಮೊಳೆ ಮುಟ್ಟುವವರೆಗೆ ಮಾರುವುದಿಲ್ಲವೆಂಬ ಹಟ. ಓಣಿಯವರಿಗೆ ಚೇಷ್ಟೆಗೊಂದು ವಿಷಯ ಸಿಕ್ಕಿತು.

"ದರ ಎಷ್ಟು ಇಳದೈತ್ರೀ?"

"ಮೊಳೆಯಿಂದ ಎರಡು ಗೇಣು" ಎಂದು ಅವರು ಗಂಭೀರವಾಗಿಯೇ ಹೇಳುತ್ತಿದ್ದರು.

ಹೆಂಡತಿ ಫಕ್ಕೀರವ್ವ ರೊಟ್ಟಿ ಬಡಿಯುತ್ತಲೇ ಕೇಳುವಳು: "ಮ್ಯಾಲಿಂದ ಅಳದ್ರ ಯಾವತ್ತೂ ಕಮ್ಮೀನ ಕಾಣತೈತಿ. ಬೀಜಕ್ಕ, ಆಳಿಗೆ ಖರ್ಚು ಮಾಡಿದ್ದನ್ನ ನೆಲಾ ಅಂತ ಹಿಡದು, ಅಲ್ಲಿಂದ ಅಳದ್ರ ಏನಾಕೈತ್ರಿ?"

ಲಾಭವೇ ಕಾಣುತ್ತಿತ್ತು. ಆದರೆ ಗಂಡಸು ಒಪ್ಪಬೇಕಲ್ಲ.

ಮಳೆಗಾಲಕ್ಕೆ ಮುಂಚೆ ಹಿರೇಕೆರೂರ ಕಡೆಗೆ ಕೊಟ್ಟಿದ್ದ ಮಗಳು ನಾಗವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತನ ಆಗಬೇಕಾದದ್ದು ಅದೇ ಒಳಕೋಣೆಯಲ್ಲಿ. ಮನೆಯಲ್ಲಿ ಗಾಳಿ ತಾಗದ ಕೋಣೆ ಅದೊಂದೇ. ಬಾಗಿಲು ತೆರೆದದ್ದೇ ತಡ, ಘಾಟು ಮೂಗಿಗೇರಿ ಹುಡುಗಿ ಹೊಟ್ಟೆ ಹಿಡಿದುಕೊಂಡು ಸೀನತೊಡಗಿದಳು. ಫಕ್ಕೀರವ್ವ ಮಗಳನ್ನು ಜಗುಲಿಗೆ ಕರೆತಂದು ಕೂರಿಸಿ, ಗಂಡನತ್ತ ತಿರುಗಿದಳು.

"ಈ ಸಂತಿಗೆ ಚೀಲಾ ಹೋಗಬೇಕು. ಇಲ್ಲಾ ಅಂದ್ರ ಮಗಳನ್ನ ಕರಕೊಂಡು ನಾನ ಬೀಗರ ಮನಿಗೆ ಹೋಗಿ ಬಾಣಂತನ ಮಾಡತೇನಿ."

ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ! ಊರಲ್ಲಿ ತಲೆ ಎತ್ತಿ ತಿರುಗಲಾದೀತೆ? ಅದಕ್ಕಿಂತ ಹೆಚ್ಚಾಗಿ, ಮಗಳು ಮತ್ತೆ ಬಂಡಿ ಹತ್ತುವುದನ್ನು ನೆನೆದು ಚನ್ನವೀರಪ್ಪನವರಿಗೆ ಸಂಕಟವಾಯಿತು. ಅವಳ ತೊಟ್ಟಿಲೂ ಅದೇ ಕೋಣೆಯಲ್ಲಿ ತೂಗಿತ್ತು.

ಸಂತೆಯ ದಿನ ಬಂಡಿ ಹೂಡಿದರು. ಕುತುಬುದ್ದೀನ ಟವೆಲ್ಲಿನಡಿ ಬೆರಳೊತ್ತಿದ. ಒಂದು ಬೆರಳು ಜಾಸ್ತಿ ಕೇಳುವ ಮಾತು ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡರು. ಈ ಸಲ ಅವರೇ ದಲಾಲಿಯ ಕೈಯನ್ನು ಬಿಗಿಹಿಡಿದುಬಿಟ್ಟರು.

"ಏನ್ರೀ, ಇವತ್ತು ಕೈ ಬಿಡವಲ್ರಿ?" ಎಂದು ಕುತುಬುದ್ದೀನ ನಕ್ಕ.

"ಮನ್ಯಾಗ ತೊಟ್ಟಿಲು ಕಟ್ಟೂದೈತಿ, ಮಾರಾಯಾ. ತೂಕಾ ಹಾಕಸು."

ಖರ್ಚು ಕಳೆದು ಕೈಯಲ್ಲಿ ಚೆನ್ನಾಗಿಯೇ ಉಳಿಯಿತು. ಆದರೂ ಚನ್ನವೀರಪ್ಪನವರು ಮನೆಗೆ ಬಂದು ಮೊಳೆಯಿಂದ ಅಳೆದು, ತಮ್ಮ ಸೊಂಟದೆತ್ತರಕ್ಕೆ ಕಡೆಯ ಗೆರೆ ಎಳೆದು ನಿಟ್ಟುಸಿರಿಟ್ಟರು. ಕೋಣೆಯನ್ನು ಸಗಣಿಯಿಂದ ಮತ್ತೆ ಮತ್ತೆ ಸಾರಿಸಿದರೂ ಘಾಟು ಸುಲಭಕ್ಕೆ ಬಿಡಲಿಲ್ಲ. ಅಲ್ಲೇ ಹುಟ್ಟಿದ ಮೊಮ್ಮಗಳು ಸುಶೀಲವ್ವ ಮೊದಲು ಅತ್ತಳು, ಆಮೇಲೆ ಸೀನಿದಳು. ಚನ್ನವೀರಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದರ ಆಮೇಲೆ ಏರಿತೋ ಇಳಿಯಿತೋ, ಕಂಬದ ಮೇಲೆ ಹೊಸ ಗೆರೆ ಬೀಳಲಿಲ್ಲ. ಸುಶೀಲವ್ವ ಅಜ್ಜನ ಊರಿಗೆ ಬಂದಾಗಲೆಲ್ಲ ಅವಳನ್ನು ಕಂಬಕ್ಕೆ ಆನಿಸಿ ನಿಲ್ಲಿಸುವುದು ಮಾತ್ರ ರೂಢಿಯಾಯಿತು. ಶಾಲೆಗೆ ಹಾಕುವ ವರ್ಷ ಅವಳ ನೆತ್ತಿ ಆ ಕಡೆಯ ಗೆರೆಯನ್ನು ದಾಟಿತು.

"ಏರೇತಿ, ಏರೇತಿ!" ಎಂದು ಅಜ್ಜ ಕೂಗಿದ ಕೂಗಿಗೆ ಫಕ್ಕೀರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಎಲ್ಲಿಂದ ಅಳದ್ರಿ?"

"ನೆಲದಿಂದನ" ಎಂದವರು ಓಣಿಗೆಲ್ಲ ಸಕ್ಕರೆ ಹಂಚಿ ಬಂದರು. ಸೆಕೆಯೆಂದು ಅಂಗಿ ಕಳಚಿ ಆ ಮೊಳೆಗೆ ಸಿಕ್ಕಿಸಿದರು.