ಮಂಡಿ ಮಡಚಿಸಿದ ರೈಲು

ಮೊದಲ ರೈಲ್ವೆಯನ್ನು ನಾನು ಮೂರೇ ದಿನಗಳಲ್ಲಿ ದಿವಾಳಿ ಎಬ್ಬಿಸಿದೆ. ಹುಬ್ಬಳ್ಳಿಯ ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಮೂವತ್ತು ವರ್ಷ ಕಿವಿಗೆ ಫೋನು ಹಚ್ಚಿಕೊಂಡು ಕೂತು, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಮುಂದೆ ಹೋಗಬೇಕು ಎಂದು ಹೇಳುತ್ತಿದ್ದವನು ನಾನು. ಅಂಥವನ ಕಂಪನಿಯನ್ನು ಟ್ಯಾಬ್ಲೆಟ್ಟಿನ ಆಟವೊಂದು ನಾಲ್ಕನೆಯ ದಿನ ಬೆಳಿಗ್ಗೆ ಮುಚ್ಚಿಹಾಕಿತು.

"ಏನ್ರಿ, ಮುಗೀತೇನು?" ಮಂಚದ ಮೇಲಿಂದ ಹೆಂಡತಿ ಕೇಳಿದಳು.

"ಮುಗೀತು."

"ಸರಕಾರದ ನಸೀಬ ಗಟ್ಟಿ ಇತ್ತು ಬಿಡ್ರಿ. ನಿಮ್ಮನ್ನ ಇಟ್ಟಕೊಂಡೂ ಉಳಕೊಂಡ್ತು."

"ನಾ ನಡಸಿದ್ದು ಗಾಡಿ. ರೊಕ್ಕಾ ನೋಡೂದು ಬ್ಯಾರೇದವರ ಕೆಲಸ ಇತ್ತು," ಎಂದೆ. ಅವಳು ನಕ್ಕಳು. ಎರಡು ವಾರಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಸತ್ತೂರಿನ ಆಸ್ಪತ್ರೆಯಲ್ಲಿ ಅವಳ ಎಡ ಮಂಡಿಯ ಕೀಲು ಬದಲಿಸಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಬೈರಿದೇವರಕೊಪ್ಪದ ನಮ್ಮ ಮನೆಗೆ ಕರೆತಂದ ದಿನವೇ ನಾನು ದೊಡ್ಡ ಹಾಳೆಯ ಮೇಲೆ ಸ್ಕೇಲು ಹಿಡಿದು ಚಾರ್ಟ್ ಹಾಕಿ ಗೋಡೆಗೆ ಅಂಟಿಸಿದೆ. ಆರಕ್ಕೆ ನಡಿಗೆ, ಎಂಟಕ್ಕೆ ಗುಳಿಗೆ, ಹತ್ತಕ್ಕೆ ಮಂಡಿ ಮಡಚುವುದು, ನಾಲ್ಕಕ್ಕೆ ಮತ್ತೆ ನಡಿಗೆ. ನನಗೆ ಬರುವ ವಿದ್ಯೆ ಅದೊಂದೇ. ಐದನೆಯ ದಿನ ಬೆಳಿಗ್ಗೆ ಆರಕ್ಕೆ ವಾಕರ್ ತಂದು ಮುಂದಿಟ್ಟೆ. ಅವಳು "ಸ್ವಲ್ಪ ತಡೀರಿ" ಅಂದಳು. ನಾನು ತೋಳು ಹಿಡಿದು ಎಬ್ಬಿಸಿದೆ. ಕಾಲು ಜಾರಿ, ಮಂಚದ ಅಂಚಿಗೆ ತಾಗಿ ನೆಲಕ್ಕೆ ಬಿದ್ದಳು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಅಂದಿನಿಂದ ಅವಳು ಆ ಕಾಲನ್ನು ನೆಲಕ್ಕೆ ಊರಲಿಲ್ಲ, ಮಡಚಲೂ ಇಲ್ಲ. ಬಚ್ಚಲಿಗೆ ಹೋಗಲು ಗಾಲಿಕುರ್ಚಿ ಬೇಕಾಯಿತು. ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಮುಂದಿನ ತಪಾಸಣೆಯ ಹೊತ್ತಿಗೆ ಮಂಡಿ ಬಗ್ಗದಿದ್ದರೆ ಮತ್ತೊಮ್ಮೆ ಅರಿವಳಿಕೆ ಕೊಟ್ಟು ತಾವೇ ಬಗ್ಗಿಸಬೇಕಾಗುತ್ತದೆ. ನಮ್ಮ ಕೈಯಲ್ಲಿ ಇದ್ದದ್ದು ಮೂರು ವಾರ.

ಹೊತ್ತು ಹೋಗಲೆಂದು ಈ ಆಟ ಹಾಕಿಕೊಟ್ಟವಳು ಸೊಸೆ. "ಮಾವಾರ, ನಿಮ್ಮ ಕೆಲಸಾನ ಐತಿ ಇದರಾಗ," ಅಂದಿದ್ದಳು. ನನ್ನ ಕೆಲಸವೇ ನನ್ನನ್ನು ಮುಳುಗಿಸಿತು. ಆಫೀಸಿನಲ್ಲಿ ಪ್ಯಾಸೆಂಜರ್ ಬಂದರೆ ಗೂಡ್ಸ್ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ಹಾಕಿ ನಿಲ್ಲಿಸುವುದು ರೂಢಿ. ಆಟದಲ್ಲೂ ಹಾಗೆಯೇ ಮಾಡಿದ್ದೆ.

ಎರಡನೆಯ ಕಂಪನಿ ತೆರೆದಾಗ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಇಬ್ಬರಿಗೂ ಕಾಣುವಂತೆ ಟ್ಯಾಬ್ಲೆಟ್ ಹಿಡಿದೆ.

"ಆ ಗಾಡಿ ಯಾಕ ನಿಂತೈತಿ?"

"ಗೂಡ್ಸ್ ಅದು. ಪ್ಯಾಸೆಂಜರ್ ಹೋಗೂತನಕ ನಿಲ್ಲಬೇಕು."

"ಪ್ಯಾಸೆಂಜರಿನ್ಯಾಗ ಎಷ್ಟ ಮಂದಿ ಅದಾರ?"

ಒತ್ತಿ ನೋಡಿದೆ. "ಹನ್ನೊಂದು."

"ಹನ್ನೊಂದ ಮಂದಿ ಸಲುವಾಗಿ ಅಷ್ಟೊಂದು ಕಲ್ಲಿದ್ದಲು ನಿಂತೈತೇನು? ನಮ್ಮಪ್ಪಾರು ಇದ್ದಿದ್ರ ನಿಮಗ ಚಕ್ಕಡಿ ಹೂಡಾಕೂ ಕೊಡತಿರಲಿಲ್ಲ."

ಅವಳ ತಂದೆ ಉಪ್ಪಿನಬೆಟಗೇರಿಯಲ್ಲಿ ಹತ್ತಿ, ಕಾಳಿನ ವ್ಯಾಪಾರ ಮಾಡುತ್ತಿದ್ದರು. ಅವರ ಎತ್ತಿನ ಚಕ್ಕಡಿಗಳು ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಬಂದರೆ, ಹೋಗುವಾಗ ಹಿಂಡಿ, ಉಪ್ಪು, ಬಟ್ಟೆಯ ಗಂಟು ಹೇರಿಕೊಂಡು ಹೋಗುತ್ತಿದ್ದವು. ಖಾಲಿ ಚಕ್ಕಡಿ ಊರೊಳಗೆ ಬಂದರೆ ಅವತ್ತು ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಸಂಗತಿ ನನಗೆ ಗೊತ್ತಾದದ್ದು ಈಗ. ಆಗೆಲ್ಲ ನನ್ನ ಪಾಳಿ ಮುಗಿದು ಮನೆಗೆ ಬರುವಷ್ಟರಲ್ಲಿ ಅವಳು ಮಲಗಿರುತ್ತಿದ್ದಳು, ಇಲ್ಲವೆ ಅಡುಗೆಮನೆಯಲ್ಲಿ ಗಡಿಬಿಡಿಯಲ್ಲಿರುತ್ತಿದ್ದಳು.

ಅವಳು ಹೇಳಿದಂತೆ ಕಟ್ಟುತ್ತ ಹೋದೆ. ಈ ಆಟ ಆಡುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಮೊದಲ ಹಳಿ ತೀರ ಗಿಡ್ಡ ಇರಬಾರದು, ಹತ್ತಿರದ ಊರಿಗೆ ಸರಕು ಒಯ್ದರೆ ಬಾಡಿಗೆ ಹುಟ್ಟುವುದಿಲ್ಲ. ತೀರ ಉದ್ದವೂ ಬೇಡ, ಮೊದಲ ಗಾಡಿ ಮುಟ್ಟುವುದರೊಳಗೆ ಕೈಯಲ್ಲಿದ್ದ ಹಣ ಕರಗುತ್ತದೆ. ಜನರನ್ನು ಆಮೇಲೆ ಹತ್ತಿಸಿಕೊಳ್ಳಬಹುದು, ಮೊದಲು ಸರಕು. ಎರಡೂ ತುದಿಯಲ್ಲಿ ಹೇರು ಸಿಗುವ ಊರುಗಳನ್ನೇ ಹುಡುಕಿ ಜೋಡಿಸಬೇಕು. ಎಂಜಿನ್ ಕೆಡುವವರೆಗೂ ಕಾಯದೆ, ವಯಸ್ಸಾಗುತ್ತಿದ್ದಂತೆ ಬದಲಿಸಬೇಕು. ಒಂಟಿ ಹಳಿಯ ಮೇಲೆ ಒಂದು ಕೆಟ್ಟು ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. "ನನ್ನ ಮಂಡಿ ಬದಲಿಸಿದಂಗ," ಎಂದು ಅವಳೇ ಸೇರಿಸಿದಳು.

ಆದರೂ ಲಾಭ ಬರಲಿಲ್ಲ. ನಾನು ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಬಿಡುತ್ತಿದ್ದೆ, ಅರ್ಧ ತುಂಬಿದ್ದರೂ ಸರಿ.

"ತುಂಬೂತನಕ ತಡೀರಿ," ಅಂದಳು.

"ಟೈಮ್ ಆಗೇತಿ."

ಅವಳು ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. "ಅವತ್ತೂ ನಾ ತಡೀರಿ ಅಂದಿದ್ದೆ. ನೀವು ಗಡಿಯಾರ ನೋಡಿದ್ರಿ. ನನ್ನ ನೋಡಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಪೂರ್ತಿ ತುಂಬಿದ ಮೇಲೆ ಹೊರಡಲಿ ಎಂಬ ಆಯ್ಕೆ ಆಟದಲ್ಲಿತ್ತು; ಎಲ್ಲ ಗಾಡಿಗಳಿಗೂ ಅದನ್ನೇ ಹಾಕಿದೆ. ಸಂಜೆ ಗೋಡೆಯ ಚಾರ್ಟ್ ಬಿಚ್ಚಿ, ಅದರ ಬೆನ್ನ ಮೇಲೆ ನಮ್ಮ ಆಟದ ಹಳಿಗಳ ನಕ್ಷೆ ಬರೆದೆ.

ಮರುದಿನ ಮೊದಲ ತುಂಬಿದ ಗಾಡಿ ಸ್ಟೇಷನ್ ಮುಟ್ಟಿ, ಪರದೆಯ ಮೇಲೆ ಲಾಭದ ಹಸಿರು ಅಂಕಿ ಎದ್ದಿತು. ಅವಳು ಹುಬ್ಬು ಗಂಟಿಕ್ಕಿ, ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಮಂಡಿ ನಾಲ್ಕು ಬೆರಳಿನಷ್ಟು ಮೇಲೆದ್ದಿತು. ನಾನು ಉಸಿರು ಬಿಗಿಹಿಡಿದು ನೋಡಿದೆ.

"ಹಂಗ್ಯಾಕ ನೋಡತೀರಿ? ತುಂಬಿದ ಗಾಡಿ ಮುಟ್ಟಿದಾಗೊಮ್ಮೆ ಮಡಚತೀನಿ. ನೀವು ಹೇಳಬಾರದು, ಎಣಿಸಬಾರದು."

ಒಪ್ಪಿದೆ. ಆಮೇಲೆ ಆಸೆ ಹತ್ತಿತು. ಗಾಡಿ ಹೆಚ್ಚು ಮುಟ್ಟಿದಷ್ಟೂ ಮಂಡಿ ಹೆಚ್ಚು ಮಡಚುತ್ತದಲ್ಲ! ಅವಳು ಮಧ್ಯಾಹ್ನ ಮಲಗಿದಾಗ ಸದ್ದಿಲ್ಲದೆ ಒಂಬತ್ತು ಹೊಸ ಗಾಡಿ ಕೊಂಡು ಒಂಟಿ ಹಳಿಯ ಮೇಲೆ ಬಿಟ್ಟೆ. ಅವಳು ಎದ್ದು ನೋಡುವಷ್ಟರಲ್ಲಿ ಎಲ್ಲವೂ ಒಂದರ ಹಿಂದೊಂದು ನಿಂತಿದ್ದವು. ಎರಡು ಗಾಡಿಗಳಂತೂ ಎದುರುಬದುರಾಗಿ ಮುಖ ನೋಡುತ್ತ ನಿಂತಿದ್ದವು. ಲೂಪ್ ಲೈನುಗಳು ನನ್ನ ಉದ್ದನೆಯ ಗಾಡಿಗಳಿಗೆ ಗಿಡ್ಡವಾಗಿದ್ದವು. ಆಫೀಸಿನಲ್ಲಿ ಹೊಸದಾಗಿ ಬಂದವನೂ ಇಂಥ ತಪ್ಪು ಮಾಡುತ್ತಿರಲಿಲ್ಲ.

"ಇದೇನ್ರಿ ಇದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿನ್ನ ಕಾಲಿನ ಸಲುವಾಗಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಖರೇ ಖರೇ ಕಂಟ್ರೋಲರ್ ಆಗಿದ್ರೇನ್ರಿ ನೀವು? ಅರ್ಧ ಗಾಡಿ ತಗೀರಿ ಮೊದಲ. ದಾರಿ ತಾಳೂವಷ್ಟ ಬಿಡ್ರಿ."

ಅರ್ಧ ಗಾಡಿಗಳನ್ನು ಮಾರಿ ಲೂಪ್ ಲೈನು ಉದ್ದ ಮಾಡಿದೆ. ಕಂಪನಿ ಹಸಿರಿಗೆ ತಿರುಗಿತು. ದಿನ ಬಿಟ್ಟು ದಿನ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳು ಒಂದು ದಿನ ಅಳೆದು ನೋಡಿ, "ಅಮ್ಮಾರ, ಭಾಳ ಛಲೋ ಮಡಚಾಕತ್ತೀರಿ. ಇನ್ನ ಎದ್ದು ಅಡ್ಡಾಡಬೇಕ ನೋಡ್ರಿ," ಅಂದಳು. ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮಡಚುವುದು ಬೇರೆ, ಏಳುವುದು ಬೇರೆ. ಅವಳು ಬಿದ್ದದ್ದು ಏಳುವಾಗಲೇ.

ತಪಾಸಣೆಗೆ ಇನ್ನು ಐದು ದಿನ ಉಳಿದವು. ನಾಲ್ಕು ಉಳಿದವು. ಬೆಳಿಗ್ಗೆ ಆರು ಹೊಡೆದಾಗ ನನ್ನ ಕಾಲು ತಾನಾಗಿ ವಾಕರಿನ ಕಡೆ ಹೋಗುತ್ತಿತ್ತು. ಹಿಂತಿರುಗಿ ಬಂದು ಕೂರುವುದು ನನ್ನ ಮಟ್ಟಿಗೆ ಸಣ್ಣ ಕೆಲಸವಾಗಿರಲಿಲ್ಲ.

ಮೂರು ದಿನ ಉಳಿದಿದ್ದಾಗ, ಬೆಳಿಗ್ಗೆ ಹನ್ನೊಂದು ದಾಟಿರಬೇಕು, ಅಡುಗೆಮನೆಯಲ್ಲಿ ಮೆಂತೆ ಸೊಪ್ಪು ಬಿಡಿಸುತ್ತಿದ್ದೆ.

"ಬರ್ರಿಲ್ಲೆ," ಎಂದು ಕರೆದಳು. "ಏಳತೀನಿ."

"ತಡಿ, ಕೈ ತೊಳಕೊಂಡು ಬರತೀನಿ."

"ಈಗ ನೀವು ತಡಾ ಮಾಡಬ್ಯಾಡ್ರಿ!"

ಮೆಂತೆಯ ಕೈಯಲ್ಲೇ ಓಡಿದೆ. ಅವಳು ಮಂಚದ ಅಂಚಿಗೆ ಬಂದು ಕೂತಿದ್ದಳು. ಎರಡೂ ಪಾದ ನೆಲದ ಮೇಲಿದ್ದವು. ವಾಕರ್ ಮುಂದಿಟ್ಟು ನಿಂತೆ. ಅವಳ ಮುಖವನ್ನೇ ನೋಡುತ್ತಿದ್ದೆ. ಮೂರು ಸಲ ಉಸಿರೆಳೆದುಕೊಂಡಳು. ನಾನು ಕಾದೆ. ನಾಲ್ಕನೆಯ ಸಲ ಎದ್ದಳು. ನನ್ನ ಒಂದು ಕೈ ಅವಳ ತೋಳಿನ ಕೆಳಗಿತ್ತು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಬಾಗಿಲಿನ ಹೊಸ್ತಿಲ ಹತ್ತಿರ ನಿಂತಳು.

"ಇನ್ನ ಕೈ ಬಿಡ್ರಿ."

"ಬೀಳತೀಯ."

"ವಾಕರ್ ಐತಲ್ಲ. ಬಿಡ್ರಿ."

ಅವಳ ಮುಖ ನೋಡಿದೆ. ಬಿಟ್ಟೆ. ಅವಳು ಪಡಸಾಲೆಗೆ ನಡೆದು ಹೋದಳು.