ಗಿಳಿ ಬರೆದ ಕುರ್ಚಿ ಮತ್ತು ನಾಲ್ಕು ಮಣೆಗಳು

ನನ್ನ ಕಾಲುಗಳ ಬಗ್ಗೆ ನನಗೇ ಹೇಸಿಗೆ ಹುಟ್ಟಿದ್ದು ನಮ್ಮೂರು ಸಂಶಿಯಲ್ಲಿ, ನಮ್ಮ ಹಿತ್ತಲಿನ ಪಾಯಖಾನೆಯಲ್ಲಿ. ಎಂಬತ್ತರ ದಶಕದ ಒಂದು ಮಳೆಗಾಲ. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿ, ತಮ್ಮನ ಮನೆಯಲ್ಲಿದ್ದೆ. ಆ ಬೆಳಿಗ್ಗೆ ಕುಳಿತವಳಿಗೆ ಏಳಲಾಗಲಿಲ್ಲ. ತೊಡೆಗಳು ನಡುಗಿದವು. ಗೋಡೆಗೆ ಕೈ ಊರಿದರೆ ಪಾಚಿಗೆ ಜಾರಿ ಅಂಗೈ ನೆಲಕ್ಕೇ ಬಿತ್ತು. ಆ ನೆಲದ ಮೇಲೆ ಏನಿತ್ತೆಂದು ಬರೆಯಲಾರೆ. ಕೊನೆಗೆ ತಮ್ಮನ ಹೆಂಡತಿಯನ್ನು ಕೂಗಿದೆ. ಆಕೆ ಮೂಗಿಗೆ ಸೆರಗು ಹಿಡಿದು ಬಂದು, ರಟ್ಟೆಗೆ ಕೈ ಹಾಕಿ ಎಬ್ಬಿಸಿದಳು.

ತಪ್ಪು ನನ್ನದೇ. ನಿವೃತ್ತಿಯಾದ ಮೇಲೆ ಐದು ವರ್ಷ ನೆಲಕ್ಕೆ ಕೂರದೆ ಹಗ್ಗದ ಹೊರಸಿನ ಮೇಲೆಯೇ ಉಂಡೆ, ಅಲ್ಲೇ ಕುಳಿತು ಕಾಳು ಹಸನು ಮಾಡಿದೆ. ಅದಕ್ಕೂ ಮೊದಲು ಶಾಲೆಯಲ್ಲಿ ದಿನಾ ಕವಾಯತು ಮಾಡಿಸುತ್ತಿದ್ದೆನೆಂಬ ಹೆಮ್ಮೆ ಬೇರೆ. ನಾನು ಸೀಟಿ ಊದಿದ್ದಷ್ಟೇ, ಕೂತು ಎದ್ದವರು ಮಕ್ಕಳು.

ಮರುವಾರ ತಮ್ಮ ಕಲಘಟಗಿಗೆ ಹೋಗಿ, ತೊಟ್ಟಿಲು ಮಾಡುವ ಬಡಿಗನಿಂದ ಒಂದು ಕುರ್ಚಿ ಮಾಡಿಸಿ ತಂದ. ಕೂರುವ ಹಲಗೆಯ ನಡುವೆ ತೂತು. ಬಡಿಗ ತನ್ನ ರೂಢಿಯಂತೆ ಅದಕ್ಕೂ ಕೆಂಪು ಬಣ್ಣ ಬಳಿದು, ಎರಡೂ ಕೈಗಳ ಮೇಲೆ ಗಿಳಿ ಬರೆದಿದ್ದ.

"ಕೂತ ನೋಡ ಅಕ್ಕಾ, ಅಗದಿ ಮಸ್ತ್ ಐತಿ."

"ನಿನ್ನ ಮಾರಿಗಿಷ್ಟು ಮಣ್ಣ ಹಾಕ! ಒಂದ ತೊಟ್ಟಲಾನೂ ತರಬೇಕಿತ್ತು, ಮಲಗಿಸಿ ತೂಗಾಕ."

"ಹಂಗಲ್ಲಬೇ, ದಿನಾ ಯಾರ ಎಬ್ಬಸವ್ರು?"

"ನಾನ ಏಳತೀನಿ. ಒಯ್ದು ಬಾಜೂಕ ಇಡ ಅದನ್ನ."

ಊಟದ ನಾಲ್ಕು ಮಣೆಗಳನ್ನು ಪಡಸಾಲೆಯ ಕಂಬದ ಪಕ್ಕ ಒಂದರ ಮೇಲೊಂದು ಪೇರಿಸಿದೆ. ಬೆಳಿಗ್ಗೆ ಆರಕ್ಕೆ ಹತ್ತು ಸಲ, ಸಂಜೆ ಐದಕ್ಕೆ ಹತ್ತು ಸಲ ಅದರ ಮೇಲೆ ಕೂತು ಏಳುವುದು. ಹತ್ತೂ ಸಲೀಸಾದ ಮೇಲೆ ಒಂದು ಮಣೆ ತೆಗೆಯುವುದು. ಮೊಣಕಾಲಿನ ಕಟಕಟ, ನನ್ನದೇ ಏದುಸಿರು, ಕುತ್ತಿಗೆಯ ಬೆವರು, ಎಲ್ಲವೂ ಅಸಹ್ಯ. ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಲೇ ಎಣಿಸುತ್ತಿದ್ದಳು.

"ಅಕ್ಕಾರ, ಈಗ ಏಳ ಆತ್ರಿ. ಎಂಟ ಅಂತ ಕಳ್ಳ ಲೆಕ್ಕ ಹೇಳಬ್ಯಾಡ್ರಿ!"

ಸುಗ್ಗಿಯ ಹೊತ್ತಿಗೆ ಮಣೆಯಿಲ್ಲದೆ ನೆಲದಿಂದ ಎದ್ದೆ. ಪಾಯಖಾನೆಯಲ್ಲೂ ಗೋಡೆ ಮುಟ್ಟದೆ ಎದ್ದೆ. ಸಂತೋಷವಾಗಲಿಲ್ಲ, ಸಿಟ್ಟು ಬಂತು. ಇಷ್ಟು ಸಣ್ಣ ಕೆಲಸವನ್ನು ಐದು ವರ್ಷ ಬಿಟ್ಟು ಕುಳಿತಿದ್ದೆನಲ್ಲ.

ಬೇಸಿಗೆಯಲ್ಲಿ ಜ್ವರ ಬಂದು ಹನ್ನೆರಡು ದಿನ ಮಲಗಿದೆ. ಎದ್ದು ನೋಡಿದರೆ ಕಾಲುಗಳು ಮತ್ತೆ ಕೈಬಿಟ್ಟಿದ್ದವು. ಆರು ತಿಂಗಳು ಗಳಿಸಿದ್ದು ಹನ್ನೆರಡು ದಿನಕ್ಕೆ ಹೋಗಿತ್ತು. ಎರಡು ದಿನ ಪಾಯಖಾನೆಯಲ್ಲಿ ಆ ಕುರ್ಚಿಯ ಮೇಲೆ, ಗಿಳಿಗಳ ನಡುವೆ ಕುಳಿತೆ. ಮಳೆಗಾಲದಲ್ಲಿ ಕೈಗೆ ಮೆತ್ತಿದ್ದ ಹೊಲಸಿನಿಂದಲೂ ಅಷ್ಟು ಹೇಸಿಗೆ ಆಗಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಮತ್ತೆ ಮೂರು ಮಣೆ ಪೇರಿಸಿದೆ. ಅಂದಿಗೆ ಐದು ಸಲವೆಂದು ನಿಗದಿ ಮಾಡಿಕೊಂಡಿದ್ದೆ. ನಾಲ್ಕು ಸಲ ಎದ್ದೆ. ಐದನೆಯದಕ್ಕೆ ಕಾಲು ಮಾತು ಕೇಳಲಿಲ್ಲ. ಅದನ್ನು ಸಂಜೆಯ ಪಾಲಿಗೆ ಸೇರಿಸಿದೆ.